ಉಡುಗೊರೆಯನ್ನು ಲಂಚವೆಂದವರು

ಉತ್ತರ ಅಮೆರಿಕದ ಮೂಲನಿವಾಸಿಗಳ ವಿಷಯವನ್ನೆತ್ತಿದೊಡನೆ ನಮ್ಮಲ್ಲಿ ಓದುಬರಹ ಬಲ್ಲವರ ನಾಲಗೆಯ ಮೇಲೆ ಒಂದು ಮಾತು ಸಿದ್ಧವಾಗಿ ನಿಂತಿರುತ್ತದೆ: ಕಡಲಾಚೆಯಿಂದ ಬಂದವರು ಗಾಜಿನ ಮಣಿಗಳನ್ನೂ ಕನ್ನಡಿಗಳನ್ನೂ ಮದ್ಯದ ಪೀಪಾಯಿಗಳನ್ನೂ ತೋರಿಸಿದರು; ಆ ಮುಗ್ಧ ಜನರು ಅವಕ್ಕೆ ಮರುಳಾಗಿ ಮೊದಲು ಕಾಡಿನ ಚರ್ಮಗಳನ್ನೂ ಕಡೆಗೆ ಕಾಡನ್ನೂ ಒಪ್ಪಿಸಿಬಿಟ್ಟರು. ಹೇಳುವವರ ದನಿಯಲ್ಲಿ ಮರುಕವಿರುವುದರಿಂದ ಇದು ಆ ಜನರ ಪಕ್ಷವಾದ ಮಾತೆಂದೇ ಕೇಳುವವರು ನಂಬುತ್ತಾರೆ. ಸುಪೀರಿಯರ್ ಸರೋವರದ ಸುತ್ತಣ ಒಜಿಬ್ವಾ ಜನರ ವ್ಯಾಪಾರವನ್ನೂ ರಾಜನೀತಿಯನ್ನೂ ಕುರಿತು ದೊರೆತಷ್ಟನ್ನು ಓದಿದ ಮೇಲೆ, ಈ ಮರುಕವೂ ಅವರಿಗಾದ ಅನ್ಯಾಯಗಳ ಪೈಕಿ ಒಂದೆಂಬ ನಿರ್ಣಯಕ್ಕೆ ನಾನು ಬಂದಿದ್ದೇನೆ. ಕಾಣಿಕೆಯನ್ನು ಆಟಿಕೆಯೆಂದೋ ಲಂಚವೆಂದೋ ಹಿಂದುಳಿದವರ ಕಚ್ಚಾ ವ್ಯಾಪಾರವೆಂದೋ ಕಾಣುವ ಈ ದೃಷ್ಟಿಯೇ ಅವರ ನೆಲವನ್ನು ಕಸಿದವರ ಕೈಯ ಆಯುಧವಾಗಿದ್ದಿತು. ಅದೇ ಆಯುಧವನ್ನು ನಾವು ಕನಿಕರದ ಒರೆಯಲ್ಲಿಟ್ಟು ಇಂದಿಗೂ ಕಾಪಾಡಿಕೊಂಡು ಬಂದಿದ್ದೇವೆ.

ಈ ತಪ್ಪಿಗೆ ದೀರ್ಘವಾದ ವಂಶಾವಳಿಯುಂಟು. 1760ರ ದಶಕದಲ್ಲಿ ಮಸಾಚುಸೆಟ್ಸ್ ವಸಾಹತಿನ ಇತಿಹಾಸವನ್ನು ಬರೆದ ಥಾಮಸ್ ಹಚಿನ್ಸನ್ನನು, ‘ಇಂಡಿಯನ್ ಉಡುಗೊರೆ’ ಎಂಬ ನುಡಿಯು ಆಗಲೇ ಗಾದೆಯಂತೆ ರೂಢಿಯಲ್ಲಿದ್ದಿತೆಂದೂ ಸಮಾನವಾದ ಪ್ರತಿಫಲವನ್ನು ನಿರೀಕ್ಷಿಸಿ ಕೊಡುವ ಕೊಡುಗೆಯೆಂಬುದೇ ಅದರ ಅರ್ಥವೆಂದೂ ಹೇಳಿದ್ದಾನೆ. ಅನಂತರದ ಇಂಗ್ಲಿಷಿನಲ್ಲಿ ಆ ನುಡಿ ಇನ್ನೂ ಕೆಳಗಿಳಿದು, ಕೊಟ್ಟದ್ದನ್ನು ಮರಳಿ ಕಸಿದುಕೊಳ್ಳುವ ನೀಚನಿಗೆ ಮಕ್ಕಳು ಕೂಗುವ ಬೈಗುಳವಾಯಿತು. ಕೊಟ್ಟ ಮಾತನ್ನೂ ಕೊಟ್ಟ ನೆಲವನ್ನೂ ಹಿಂದಕ್ಕೆ ತೆಗೆದುಕೊಂಡವರು ಯಾರು, ಆ ಹೆಸರನ್ನು ಹೊತ್ತವರು ಯಾರು?

ಕನ್ನಡಿಗನಿಗಾದರೂ ಈ ವಿಷಯದಲ್ಲಿ ಅಜ್ಞಾನದ ನೆಪ ಸಲ್ಲದು. ಮದುವೆಯ ಮನೆಯಲ್ಲಿ ಮುಯ್ಯಿ ಮಾಡಿ ಬಂದವನು, ತನ್ನ ಮನೆಯ ಶುಭಕಾರ್ಯದಲ್ಲಿ ಅದು ಮರಳುವುದೆಂದು ಬಲ್ಲನು, ಮರಳದಿದ್ದರೆ ನೋಯುವನು, ಆದರೂ ಅದನ್ನು ಸಾಲವೆಂದು ಯಾರೂ ಕರೆಯರು, ಬೀಗರು ಅದನ್ನು ಅಂದೇ ಲೆಕ್ಕಹಾಕಿ ಹಣವಾಗಿ ಹಿಂದಿರುಗಿಸಿದರೆ ಅದಕ್ಕಿಂತ ದೊಡ್ಡ ಅವಮಾನ ಬೇರಿಲ್ಲ. ಹೊಲದ ಕೆಲಸಕ್ಕೆ ಮುಯ್ಯಾಳಾಗಿ ಹೋಗುವವನು ಕೂಲಿಯವನಲ್ಲವೆಂಬುದನ್ನು ನಮ್ಮ ಹಳ್ಳಿಯ ಹುಡುಗರೂ ಬಲ್ಲರು. ಹಗೆ ತೀರಿಸಿಕೊಳ್ಳುವುದಕ್ಕೂ ನಮ್ಮ ಭಾಷೆ ಅದೇ ಪದವನ್ನು ಇಟ್ಟುಕೊಂಡಿದೆ. ಇಂತಹ ಪದವುಳ್ಳ ಭಾಷೆಯಲ್ಲಿ ಬರೆಯುವವರು, ಒಜಿಬ್ವಾ ಜನರ ಕೊಡುಕೊಳೆಯನ್ನು ವಿವರಿಸುವಾಗ ಮಾತ್ರ ಇಂಗ್ಲಿಷಿನಿಂದ ‘ಲಂಚ’ವನ್ನೂ ‘ಆಮಿಷ’ವನ್ನೂ ಎರವಲು ತರುವುದೇಕೆ?

ತಮ್ಮನ್ನು ಅನಿಶಿನಾಬೆ ಎಂದು ಕರೆದುಕೊಳ್ಳುವ ಆ ಜನರ ಲೋಕದಲ್ಲಿ ಅಪರಿಚಿತನು ಬಂಧುವಾಗಬೇಕು, ಇಲ್ಲವೆ ಶತ್ರುವಾಗಿಯೇ ಉಳಿಯಬೇಕು. ಎರಡಕ್ಕೂ ನಡುವೆ ನಿಂತು ಸರಕಿನ ಬೆಲೆಯನ್ನಷ್ಟೇ ಮಾತಾಡುವ ಉದಾಸೀನ ಮನುಷ್ಯನಿಗೆ ಅಲ್ಲಿ ಎಡೆಯಿರಲಿಲ್ಲ. ಬಂಧುತ್ವಕ್ಕೆ ಬಾಗಿಲಾಗಿದ್ದುದು ಕೊಡುಗೆ. ಹೊಗೆಸೊಪ್ಪನ್ನು ಮುಂದಿಡದೆ ಯಾವ ಮಾತೂ ಆರಂಭವಾಗದು. ಒಗಿಮಾ ಎಂದರೆ ಮುಖಂಡ. ಆತನಿಗೆ ಆಜ್ಞೆ ಮಾಡುವ ದಂಡವಿರಲಿಲ್ಲ, ಬಂದುದನ್ನು ಹಂಚುವ ಕೈಯಿದ್ದಿತು. ವ್ಯಾಪಾರಿಗಳಿಂದ ಪಡೆದ ನಿಲುವಂಗಿ, ಮದ್ದುಗುಂಡು, ಕಂಬಳಿಗಳನ್ನೆಲ್ಲ ತನ್ನವರಿಗೆ ಹಂಚಿ ಬರಿಗೈಯಾದವನೇ ಅಲ್ಲಿ ದೊಡ್ಡವನು. 1641ರಲ್ಲಿ ಹ್ಯೂರಾನ್ ಸರೋವರದ ಜಾರ್ಜಿಯನ್ ಕೊಲ್ಲಿಯ ತೀರದಲ್ಲಿ ನಿಪಿಸಿಂಗ್ ಜನರು ನಡೆಸಿದ ಮೃತರ ಮಹೋತ್ಸವವನ್ನು ಜೆಸುಯಿಟ್ ಪಾದ್ರಿಗಳು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ: ಸುತ್ತಣ ಜನಾಂಗಗಳು ದೋಣಿಗಳಲ್ಲಿ ಬಂದು ಕೂಡಿದವು, ರಾಶಿರಾಶಿಯಾಗಿ ಚರ್ಮಗಳೂ ವಸ್ತ್ರಗಳೂ ಕೈಯಿಂದ ಕೈಗೆ ಹೋದವು, ಅಗಲಿದವರ ಅಸ್ಥಿಗಳ ಸನ್ನಿಧಿಯಲ್ಲಿ ಸ್ನೇಹಗಳು ಕಟ್ಟಲ್ಪಟ್ಟವು. ಯೂರೋಪಿನ ಮಣಿಗಳು ಬರುವ ಮೊದಲೇ ಬೇರೂರಿದ್ದ ರಾಜನೀತಿ ಇದು. ಹೊಸಬರು ತಾವು ತಂದ ಸರಕಿನೊಡನೆ ಈ ಮಂಟಪದೊಳಕ್ಕೆ ಕಾಲಿಟ್ಟರೇ ಹೊರತು, ಮಂಟಪವನ್ನು ಕಟ್ಟಿದವರು ಅವರಲ್ಲ.

ವ್ಯಾಪಾರಿಗಳ ದಿನಚರಿಗಳಲ್ಲಿ ಪುನಃಪುನಃ ಬರುವ ದೂರೊಂದುಂಟು: ಇವರು ಎದುರಿಗೆ ನಿಂತು ‘ನಾವು ಬಡವರು, ನಮ್ಮನ್ನು ಕರುಣಿಸು’ ಎನ್ನುತ್ತಾರೆ, ಇವರು ಭಿಕ್ಷುಕರು. ಆದರೆ ಉಪವಾಸ ಕುಳಿತ ತರುಣನು ಕಾಡಿನ ಚೇತನಗಳನ್ನು, ಅಂದರೆ ಮನಿಡೂಗಳನ್ನು, ಪ್ರಾರ್ಥಿಸುತ್ತಿದ್ದುದೂ ಇದೇ ನುಡಿಯಿಂದ. ‘ಕರುಣಿಸು’ ಎಂದರೆ ನನ್ನೊಡನೆ ಸಂಬಂಧವನ್ನು ಬೆಳೆಸು, ನಿನ್ನ ಬಲವನ್ನು ನನ್ನೊಡನೆ ಹಂಚಿಕೋ, ನನ್ನ ಸರದಿ ಬಂದಾಗ ನಾನೂ ಹಂಚಿಕೊಳ್ಳುವೆನು ಎಂದರ್ಥ. ಪ್ರಾರ್ಥನೆಯ ಭಾಷೆಯನ್ನು ಭಿಕ್ಷೆಯ ಭಾಷೆಯೆಂದು ಬರೆದುಕೊಂಡವನ ದಿನಚರಿಯನ್ನು ಪ್ರಮಾಣವೆಂದು ಹಿಡಿದು, ಅದರ ಮೇಲೆ ಒಂದು ಜನಾಂಗದ ಸ್ವಭಾವವನ್ನೇ ನಿರ್ಣಯಿಸಿದ ಪಂಡಿತರಿಗೆ ನಾವು ಏನು ಹೇಳಬೇಕು?

ಅಷ್ಟಕ್ಕೂ ಭಿಕ್ಷುಕರು ಯಾರಾಗಿದ್ದರು? ಮಾಂಟ್ರಿಯಲ್ಲಿನಿಂದ ಹೊರಟು ಸುಪೀರಿಯರ್ ಸರೋವರದಾಚೆ ಚಳಿಗಾಲವನ್ನು ಕಳೆಯುತ್ತಿದ್ದ ವ್ಯಾಪಾರಿಯು ಒಜಿಬ್ವಾ ಹೆಂಗಸರು ದೋಣಿಯಲ್ಲಿ ಕುಳಿತು ನೀರಿನ ಮೇಲಿಂದ ಬಡಿದು ತಂದ ಕಾಡಕ್ಕಿಯನ್ನು, ಅವರು ಮನೋಮಿನ್ ಎನ್ನುವ ಧಾನ್ಯವನ್ನು, ಉಣ್ಣದೆ ವಸಂತವನ್ನು ಕಾಣುತ್ತಿರಲಿಲ್ಲ. ಮೇಪಲ್ ಮರದ ರಸವನ್ನು ಕಾಯಿಸಿ ಮಾಡಿದ ಸಕ್ಕರೆ, ಒಣಗಿಸಿದ ಮಾಂಸ, ಭೂರ್ಜತ್ವಚೆಯ ದೋಣಿ, ದಾರಿಯ ಜ್ಞಾನ, ಎಲ್ಲವೂ ಅವರಿಂದಲೇ ಬರಬೇಕು. ಶರತ್ಕಾಲದಲ್ಲಿ ವ್ಯಾಪಾರಿಯು ಬಂದೂಕನ್ನೂ ಮದ್ದನ್ನೂ ಕಂಬಳಿಯನ್ನೂ ಮುಂಗಡವಾಗಿ ಕೊಡುತ್ತಿದ್ದನು. ವಸಂತದಲ್ಲಿ ಬೇಟೆಗಾರನು ಬೀವರ್ ಚರ್ಮಗಳನ್ನು ತರುತ್ತಿದ್ದನು. ನಡುವೆ ಹಿಮದಿಂದ ಮುಚ್ಚಿದ ಆರು ತಿಂಗಳು; ಅಲ್ಲಿ ಯಾವ ನ್ಯಾಯಾಲಯ, ಯಾವ ಜಾಮೀನು? ಹೊಗೆಸೊಪ್ಪಿನಿಂದ ಆರಂಭವಾಗಿ, ಔತಣದಲ್ಲಿ ಬೆಳೆದು, ಎಷ್ಟೋ ವೇಳೆ ಮದುವೆಯಿಂದ ಗಟ್ಟಿಯಾದ ಬಾಂಧವ್ಯವೇ ಆ ಸಾಲಕ್ಕೆ ಜಾಮೀನು. ಉಡುಗೊರೆಯು ವ್ಯಾಪಾರಕ್ಕೆ ಮೊದಲು ನಡೆಯುವ ಅಲಂಕಾರವೆಂದು ಬರೆಯುವ ಅರ್ಥಶಾಸ್ತ್ರಜ್ಞರು ತಳಪಾಯವನ್ನು ತೋರಣವೆಂದು ಭ್ರಮಿಸಿದ್ದಾರೆ. ಫ್ರಾನ್ಸಿನಲ್ಲಿ ಬೀವರ್ ಚರ್ಮ ಕೊಳ್ಳುವವರಿಲ್ಲದೆ ರಾಶಿಬಿದ್ದಾಗ, 1696ರಲ್ಲಿ, ಹದಿನಾಲ್ಕನೆಯ ಲೂಯಿಯು ಪಶ್ಚಿಮದ ಠಾಣ್ಯಗಳನ್ನು ಮುಚ್ಚಲು ಆಜ್ಞಾಪಿಸಿದನು. ಆದರೆ ಮೈತ್ರಿಯನ್ನು ಬಿಟ್ಟು ಅವನ ವಸಾಹತು ಉಳಿಯಲಾರದಾಗಿದ್ದುದರಿಂದ, ಐದೇ ವರ್ಷಗಳಲ್ಲಿ ಡಿಟ್ರಾಯಿಟ್ ಕೋಟೆ ಎದ್ದಿತು, ಅದೇ 1701ರಲ್ಲಿ ಮಾಂಟ್ರಿಯಲ್ಲಿನಲ್ಲಿ ಸುಮಾರು 40 ಜನಾಂಗಗಳ ಮಹಾಶಾಂತಿಯೂ ಕೊಡುಗೆಗಳ ನಡುವೆ ನೆರವೇರಿತು. ಕೊಳ್ಳುವವರಿಲ್ಲದ ಚರ್ಮಕ್ಕಾಗಿ ಯಾವ ವರ್ತಕನು ಹೀಗೆ ಹಣ ಸುರಿಯುವನು?

ಫ್ರೆಂಚ್ ಗವರ್ನರನನ್ನು ಆ ಜನರು ಒನೊಂಟಿಯೊ ಎಂದೂ ತಂದೆಯೆಂದೂ ಕರೆಯುತ್ತಿದ್ದರು. ಫ್ರೆಂಚರು ತಂದೆಯೆಂದರೆ ಒಡೆಯನೆಂದು ತಿಳಿದರು. ಒಜಿಬ್ವಾ ಮನೆಯಲ್ಲಿಯಾದರೋ ತಂದೆಯೆಂದರೆ ಕೊಡುವವನು, ಮಕ್ಕಳ ಜಗಳವನ್ನು ಬಿಡಿಸುವವನು, ದಂಡಿಸದವನು. ಕೊಡದ ತಂದೆ ತಂದೆಯೇ ಅಲ್ಲ. ಫ್ರೆಂಚರು ಬೇಕಿದ್ದರೂ ಬೇಡವಾಗಿದ್ದರೂ ಈ ಅರ್ಥಕ್ಕೆ ತಲೆಬಾಗಬೇಕಾಯಿತು.

ಆಂಗ್ಲರು ತಲೆಬಾಗಲಿಲ್ಲ. 1760ರಲ್ಲಿ ಮಾಂಟ್ರಿಯಲ್ ಅವರ ವಶವಾಯಿತು. ಸೇನಾಧಿಪತಿ ಜೆಫ್ರಿ ಆಮ್ಹರ್ಸ್ಟನು ಫ್ರೆಂಚರೊಡನೆ ಅವರ ಮಿತ್ರರನ್ನೂ ಗೆದ್ದೆನೆಂದೇ ಭಾವಿಸಿದನು. ಮೂಲನಿವಾಸಿಗಳ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ಜಾನ್ಸನ್ನನು ಎಷ್ಟು ಬೇಡವೆಂದರೂ ಕೇಳದೆ, ಒಳ್ಳೆಯ ನಡತೆಯನ್ನು ಲಂಚದಿಂದ ಕೊಳ್ಳುವುದು ತನ್ನ ಪದ್ಧತಿಯಲ್ಲವೆಂದು ಬರೆದು, 1761ರಿಂದ ಕಾಣಿಕೆಗಳನ್ನು ಕಡಿತಗೊಳಿಸಿ, ಮದ್ದುಗುಂಡುಗಳ ಪೂರೈಕೆಯನ್ನೂ ಬಿಗಿಹಿಡಿದನು. ‘ಲಂಚ’ವೆಂಬ ಆ ಒಂದು ಪದದ ಬೆಲೆ ಎಷ್ಟಾಯಿತೆಂಬುದನ್ನು ಮಿಶಿಲಿಮ್ಯಾಕಿನಾಕ್ ಕೋಟೆಯಲ್ಲಿ ನೋಡಬಹುದು. ಅಲೆಗ್ಸಾಂಡರ್ ಹೆನ್ರಿಯೆಂಬ ತರುಣ ಆಂಗ್ಲ ವ್ಯಾಪಾರಿ 1761ರಲ್ಲಿ ಅಲ್ಲಿಗೆ ಬಂದಾಗ, ಒಜಿಬ್ವಾ ಮುಖಂಡ ಮಿನವವಾನನು 60 ಮಂದಿಯೊಡನೆ ಅವನ ಮನೆಗೆ ಬಂದು ಕುಳಿತು ಹೇಳಿದುದರ ತಾತ್ಪರ್ಯವಿಷ್ಟು: ನೀವು ಫ್ರೆಂಚರನ್ನು ಗೆದ್ದಿದ್ದೀರಿ, ನಮ್ಮನ್ನು ಗೆದ್ದಿಲ್ಲ, ಈ ಸರೋವರಗಳೂ ಕಾಡುಗಳೂ ನಮ್ಮ ಹಿರಿಯರಿಂದ ನಮಗೆ ಬಂದವು, ನಿಮ್ಮ ಮೇಲಿನ ಯುದ್ಧದಲ್ಲಿ ಮಡಿದ ನಮ್ಮ ಮಕ್ಕಳ ಆತ್ಮಗಳು ತೃಪ್ತಿ ಹೊಂದಬೇಕಾದರೆ, ಕೊಂದವರ ರಕ್ತ ಚೆಲ್ಲಬೇಕು, ಇಲ್ಲವೆ ಮಡಿದವರ ದೇಹಗಳನ್ನು ಕಾಣಿಕೆಗಳಿಂದ ಹೊದಿಸಬೇಕು, ನಿಮ್ಮ ದೊರೆ ನಮಗೆ ಕಾಣಿಕೆಯನ್ನೂ ಕಳುಹಿಸಿಲ್ಲ, ನಮ್ಮೊಡನೆ ಒಪ್ಪಂದವನ್ನೂ ಮಾಡಿಕೊಂಡಿಲ್ಲ, ಆದುದರಿಂದ ಅವನಿಗೂ ನಮಗೂ ಯುದ್ಧ ಇನ್ನೂ ಮುಗಿದಿಲ್ಲ.

ಇದರಲ್ಲಿ ಮುಗ್ಧತೆಯೆಲ್ಲಿದೆ, ಮರುಳೆಲ್ಲಿದೆ? ಸಂಧಿವಿಗ್ರಹಗಳ ಶಾಸ್ತ್ರವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ರಾಯಭಾರಿ ನುಡಿದಿದ್ದಾನೆ? ಮಿನವವಾನನು ನಿರಾಯುಧನಾಗಿ ಬಂದ ಹೆನ್ರಿಯನ್ನು ಸೋದರನೆಂದು ಒಪ್ಪಿ ಅವನೊಡನೆ ಧೂಮಪಾನ ಮಾಡಿದನು. ದೊರೆಗೆ ಕೊಟ್ಟ ಎಚ್ಚರಿಕೆಯಾದರೋ ಹಾಗೆಯೇ ಉಳಿಯಿತು. ಎರಡು ವರ್ಷ ಅವರು ಕಾದರು. 1763ರ ಜೂನ್ 2ರಂದು ಕೋಟೆಯ ಹೊರಗೆ ಒಜಿಬ್ವಾ ಮತ್ತು ಸಾಕ್ ಜನರು ಚೆಂಡಾಟವಾಡಿದರು. ಚೆಂಡು ಕೋಟೆಯೊಳಕ್ಕೆ ಬಿದ್ದಿತು. ಅದನ್ನು ಹಿಂಬಾಲಿಸಿ ಒಳನುಗ್ಗಿದವರು ಹೆಂಗಸರು ಕಂಬಳಿಯಡಿಯಲ್ಲಿ ಅಡಗಿಸಿ ತಂದಿದ್ದ ಆಯುಧಗಳನ್ನು ಹಿಡಿದರು. ಆ ಬೇಸಗೆಯಲ್ಲಿ ಆಂಗ್ಲರ ಎಂಟು ಕೋಟೆಗಳು ಬಿದ್ದವು. ಆಮ್ಹರ್ಸ್ಟನು ಉಳಿಸಲು ಹೊರಟ ಹಣಕ್ಕೂ ಆ ಬೇಸಗೆಯಲ್ಲಿ ಹೋದ ಪ್ರಾಣಗಳಿಗೂ ಸಮತೂಕವುಂಟೇ? ಹೆನ್ರಿಯು ಬದುಕಿದುದಾದರೂ ಹೇಗೆ? ಹಿಂದೊಮ್ಮೆ ಉಪವಾಸದ ಸ್ವಪ್ನದಲ್ಲಿ ಕಂಡ ಸೋದರನೇ ಇವನೆಂದು ಅವನನ್ನು ತಮ್ಮನಾಗಿ ಸ್ವೀಕರಿಸಿ, ಚರ್ಮ, ಸಕ್ಕರೆ, ಒಣಮಾಂಸಗಳನ್ನು ಕೊಟ್ಟಿದ್ದ ವವಾಟಮನೆಂಬ ಒಜಿಬ್ವಾ ಗೃಹಸ್ಥನು, ಈಗ ಮುಖಂಡರ ಸಭೆಗೆ ಬಂದು ಸರಕುಗಳನ್ನು ಮುಂದಿಟ್ಟು, ‘ಇವನು ನನ್ನ ತಮ್ಮ’ ಎಂದು ಬಿಡಿಸಿಕೊಂಡು ಹೋದನು. ಅದೇ ಕೋಟೆಯಲ್ಲಿ, ಅದೇ ಕಾಲದಲ್ಲಿ, ಕಾಣಿಕೆಯನ್ನು ನಿರಾಕರಿಸಿದ ದೊರೆಯ ಸೈನಿಕರು ಸತ್ತರು, ಕಾಣಿಕೆಯ ಸಂಬಂಧದೊಳಗೆ ಬಂದಿದ್ದವನು ಉಳಿದನು. ಈ ಪುಟವನ್ನು ಓದಿಯೂ ಉಡುಗೊರೆಯನ್ನು ಲಂಚವೆನ್ನುವವರ ಬುದ್ಧಿಗೆ ಯಾವ ಸಾಕ್ಷ್ಯ ಸಾಕಾದೀತು?

ಆ ಜೂನ್ ತಿಂಗಳಿನಲ್ಲಿಯೇ ನಾಗರಿಕತೆಯ ಪ್ರತಿನಿಧಿಗಳು ಕೊಟ್ಟ ಉಡುಗೊರೆಯೊಂದನ್ನೂ ಹೇಳಬೇಕು. ಪಿಟ್ ಕೋಟೆಗೆ ಮಾತುಕತೆಗಾಗಿ ಬಂದ ಡೆಲವೇರ್ ಜನರ ದೂತರ ಕೈಗೆ, ಬೀಳ್ಕೊಡುಗೆಯೆಂದು, ಸಿಡುಬಿನ ಆಸ್ಪತ್ರೆಯಿಂದ ತೆಗೆದ ಎರಡು ಕಂಬಳಿಗಳನ್ನೂ ಒಂದು ಕರವಸ್ತ್ರವನ್ನೂ ಕೊಡಲಾಯಿತು. ಆ ವಸ್ತ್ರಗಳ ಬದಲಿಗೆ ಹೊಸವನ್ನು ಕೊಂಡ ಖರ್ಚು ಸೇನೆಯ ಲೆಕ್ಕದಲ್ಲಿ ದಾಖಲಾಗಿ ಮಂಜೂರಾಯಿತು. ಇದನ್ನರಿಯದೆಯೇ ಕೆಲವು ವಾರಗಳ ಅನಂತರ ಆಮ್ಹರ್ಸ್ಟನು ತನ್ನ ಅಧಿಕಾರಿಗೆ ಬರೆದ ಪತ್ರಗಳಲ್ಲಿ ಇದೇ ಉಪಾಯವನ್ನು ಸೂಚಿಸಿದನು. ಅತಿಥಿಯ ಕೈಗೆ ಇಡುವ ವಸ್ತುವಿನ ಪಾವಿತ್ರ್ಯವನ್ನು ಅರಿಯದವರು ಅದನ್ನು ವಿಷವನ್ನಾಗಿ ಮಾಡಲು ಹಿಂಜರಿಯಲಿಲ್ಲ. ಈ ಆಮ್ಹರ್ಸ್ಟನ ಆಸ್ತಿಗೂ ಬಿರುದಿಗೂ ಉತ್ತರಾಧಿಕಾರಿಯಾದ ಸೋದರಪುತ್ರ ವಿಲಿಯಂ ಆಮ್ಹರ್ಸ್ಟನು ಭಾರತದ ಗವರ್ನರ್ ಜನರಲ್ಲನಾಗಿದ್ದ ಕಾಲದಲ್ಲಿಯೇ, 1824ರಲ್ಲಿ, ಕಿತ್ತೂರಿನ ದತ್ತುಸ್ವೀಕಾರವನ್ನು ಕಂಪನಿಯವರು ತಳ್ಳಿಹಾಕಿದರು; ಚೆನ್ನಮ್ಮನ ಪಡೆ ಥ್ಯಾಕರೆಯನ್ನು ಕೆಡವಿತು. ಬಂಧುತ್ವವನ್ನು ಜನರೇ ಕಟ್ಟಿಕೊಳ್ಳುವ ಹಕ್ಕನ್ನು ಒಪ್ಪದ ಆಡಳಿತದ ಮನಸ್ಸು ಎರಡು ಖಂಡಗಳಲ್ಲಿಯೂ ಒಂದೇ ಆಗಿದ್ದಿತು.

ಆಂಗ್ಲರು ಪಾಠ ಕಲಿತಂತೆ ತೋರಿತು. ಆಮ್ಹರ್ಸ್ಟನು ಹಿಂದಕ್ಕೆ ಕರೆಸಲ್ಪಟ್ಟನು. 1764ರ ಬೇಸಗೆಯಲ್ಲಿ ಜಾನ್ಸನ್ನನು ನಯಾಗರಾ ಕೋಟೆಗೆ 24 ಜನಾಂಗಗಳ ಸುಮಾರು 2,000 ಮಂದಿಯನ್ನು ಕರೆದು, ಕಾಣಿಕೆಗಳನ್ನಿತ್ತು, ವಾಂಪಮ್ ಮಣಿಗಳಿಂದ ನೆಯ್ದ ಪಟ್ಟಿಗಳನ್ನು ಒಪ್ಪಿಸಿದನು. ಒಂದು ಪಟ್ಟಿಯಲ್ಲಿ ಕಡಲಾಚೆಯಿಂದ ಉಡುಗೊರೆಗಳನ್ನು ಹೊತ್ತು ಬರುವ ಹಡಗು; ಅದಕ್ಕೆ ಬಿಗಿದ ಹಗ್ಗವನ್ನು ಕೈಕೈ ಹಿಡಿದು ಸೆಳೆಯುವ 24 ಮನುಷ್ಯರು. ಸೋಲದ ಜನರೊಡನೆ ಒಂದು ಸಾಮ್ರಾಜ್ಯ ಮಾಡಿಕೊಂಡ ಈ ಒಪ್ಪಂದದ ಅಕ್ಷರವೇ ಮಣಿ. ನಮ್ಮ ಪಾಠಗಳಲ್ಲಿ ಮಣಿಯೆಂದರೆ ಮೂರ್ಖರನ್ನು ಮೆಚ್ಚಿಸುವ ಗಾಜಿನ ಚೂರು. ಆ ಜನರ ಕೈಯಲ್ಲಿ ಅದು ಶಾಸನ. ನಮ್ಮ ದೊರೆಗಳು ತಾಮ್ರಪಟಕ್ಕೆ ಕೊಡುತ್ತಿದ್ದ ಗೌರವವನ್ನು ಆ ಪಟ್ಟಿಗೆ ಕೊಡಲು ನಮಗೇನು ಅಡ್ಡಿ?

ಆದರೆ ಬಲವು ಒಂದೇ ಕಡೆಗೆ ವಾಲಿದೊಡನೆ ಹಳೆಯ ಪದ ಮತ್ತೆ ತಲೆಯೆತ್ತಿತು. 1850ರ ಸೆಪ್ಟೆಂಬರಿನಲ್ಲಿ ಕೆನಡಾದ ಕಡೆಯ ಒಜಿಬ್ವಾ ಜನರು ಹ್ಯೂರಾನ್, ಸುಪೀರಿಯರ್ ಸರೋವರಗಳ ಉತ್ತರದ ವಿಶಾಲ ಭೂಮಿಯನ್ನು ಹಂಚಿಕೊಳ್ಳಲು ಸರಕಾರದ ಪ್ರತಿನಿಧಿ ವಿಲಿಯಂ ರಾಬಿನ್ಸನ್ನನೊಡನೆ ಒಪ್ಪಂದ ಮಾಡಿಕೊಂಡರು. ವರ್ಷವರ್ಷವೂ ಹಣ ಬರಬೇಕು, ನೆಲದ ಆದಾಯ ಬೆಳೆದಂತೆ ಅದೂ ಬೆಳೆಯಬೇಕು. ಮುಯ್ಯಿಯ ನೀತಿಯನ್ನು ಬಲ್ಲವರು ಮಾತ್ರ ಕಲ್ಪಿಸಬಹುದಾದ ಷರತ್ತು ಇದು. 1875ರಲ್ಲಿ ಆ ಹಣ ತಲೆಗೆ 4 ಡಾಲರಿಗೆ ಏರಿ ಅಲ್ಲಿಯೇ ನಿಂತಿತು. ಗಣಿಗಳಿಂದ ನಿಕ್ಕಲ್ ಹೊರಟಿತು, ಕಾಡುಗಳಿಂದ ಮರ ಹೊರಟಿತು, ರೈಲುಗಳು ಓಡಿದವು. 4 ಡಾಲರು 4 ಡಾಲರಾಗಿಯೇ ಉಳಿಯಿತು. ಒಪ್ಪಂದದ ಪಾಠದಲ್ಲಿ, ಅದಕ್ಕೂ ಹೆಚ್ಚಿನ ಮೊತ್ತವನ್ನು ಮಹಾರಾಣಿಯವರು ಕೃಪೆಯಿಂದ ದಯಪಾಲಿಸಬಹುದೆಂಬ ಅರ್ಥದ ಮಾತಿದ್ದಿತು. ಕೃಪೆಯೆಂದ ಮೇಲೆ ಅದು ಕೊಡುವವರ ಇಷ್ಟವೆಂದು ಸರಕಾರದ ಕಡೆಯವರು ನ್ಯಾಯಾಲಯದಲ್ಲಿ ವಾದಿಸಿದರು. ಒಜಿಬ್ವಾ ನೀತಿಯಲ್ಲಿ ಕೊಡಬಲ್ಲವನಿಗೆ ಕೊಡದಿರುವ ಸ್ವಾತಂತ್ರ್ಯವೇ ಇಲ್ಲ. ಆಮ್ಹರ್ಸ್ಟನ ನೀತಿಯಲ್ಲಿ ಕೊಡುಗೆಯೆಂದರೆ ಒಡೆಯನ ಮರ್ಜಿ. ಯಾವ ನೀತಿ ಒಂದೂವರೆ ಶತಮಾನ ಆಳಿತೆಂಬುದಕ್ಕೆ ಆ 4 ಡಾಲರೇ ಸಾಕ್ಷಿ.

ಅದೇ 1850ರ ಶರತ್ಕಾಲದಲ್ಲಿ ಗಡಿಯ ದಕ್ಷಿಣದಲ್ಲಿ ನಡೆದುದು ಇನ್ನೂ ಘೋರ. ಮ್ಯಾಡ್ಲಿನ್ ದ್ವೀಪದ ಲಾ ಪಾಯಿಂಟಿನಲ್ಲಿ ಸಲ್ಲುತ್ತಿದ್ದ ಒಪ್ಪಂದದ ಹಣವನ್ನು, ಒಜಿಬ್ವಾ ಜನರನ್ನು ವಿಸ್ಕಾನ್ಸಿನ್ನಿನಿಂದ ಎಬ್ಬಿಸಿ ಓಡಿಸುವ ಉದ್ದೇಶದಿಂದಲೇ, ದೂರದ ಸ್ಯಾಂಡಿ ಲೇಕಿಗೆ ವರ್ಗಾಯಿಸಿದರು. ಬಂದವರು ವಾರಗಟ್ಟಲೆ ಕಾದರು. ಹಣ ಬರಲಿಲ್ಲ, ಸಿಕ್ಕ ಆಹಾರ ಕೊಳೆತಿದ್ದಿತು. ಅಲ್ಲಿಯೂ ಹಿಮದಲ್ಲಿ ಹಿಂದಿರುಗುವ ದಾರಿಯಲ್ಲಿಯೂ ಸುಮಾರು 400 ಮಂದಿ ಸತ್ತರು. ಸಲ್ಲಬೇಕಾದ ಋಣವನ್ನು ನಾಯಿಗೆ ತೋರಿಸುವ ರೊಟ್ಟಿಯಂತೆ ಬಳಸಿದುದರ ಫಲವಿದು. 1852ರಲ್ಲಿ 90 ದಾಟಿದ್ದ ಮುಖಂಡ ಕೆಚೆವೈಶ್ಕೆಯು ದೋಣಿಯಲ್ಲಿ ಹೊರಟು ವಾಷಿಂಗ್ಟನ್ನಿಗೆ ಹೋಗಿ, ಅಧ್ಯಕ್ಷ ಫಿಲ್‌ಮೋರನೊಡನೆ ಧೂಮಪಾನದ ನಳಿಗೆಯನ್ನು ಹಂಚಿಕೊಂಡ ಬಳಿಕವೇ ಮಾತನ್ನಾರಂಭಿಸಿದನು. ಓಡಿಸುವ ಆಜ್ಞೆ ರದ್ದಾಯಿತು. ನಾನೂರು ಹೆಣಗಳನ್ನು ಕಂಡು ಬಂದ ಮೇಲೂ ಆ ವೃದ್ಧನು ಹೊಗೆಸೊಪ್ಪನ್ನೇ ಮುಂದಿಟ್ಟನು.

ಇದೆಲ್ಲ ಹಳೆಯ ಕಥೆಯೆಂದು ಯಾರೂ ಸಮಾಧಾನಪಡಬಾರದು. 1980ರ ದಶಕದಲ್ಲಿ ವಿಸ್ಕಾನ್ಸಿನ್ನಿನ ಸರೋವರತೀರಗಳಲ್ಲಿ, ಹಳೆಯ ಒಪ್ಪಂದಗಳಂತೆ ಮೀನು ಹಿಡಿಯಲು ಬಂದ ಒಜಿಬ್ವಾ ಕುಟುಂಬಗಳ ಮೇಲೆ ಗುಂಪುಗಳು ಕಲ್ಲೆಸೆದು, ಇವರಿಗೇಕೆ ವಿಶೇಷ ಸವಲತ್ತು ಎಂದು ಕೂಗಿದವು. ಸವಲತ್ತನ್ನು ಕೊಟ್ಟವರು ಯಾರು? ಒಪ್ಪಂದವೆಂಬುದು ಮೂಲನಿವಾಸಿಗಳಿಗೆ ಸರಕಾರ ಕೊಟ್ಟ ಹಕ್ಕಲ್ಲ, ಅವರೇ ಸರಕಾರಕ್ಕೆ ಕೊಟ್ಟುದು, ಕೊಡದೆ ಉಳಿಸಿಕೊಂಡದ್ದು ಅವರದೇ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ 1905ರಲ್ಲಿ ಹೇಳಿಯಾಗಿದೆ. ಕೊಟ್ಟವನು ಪಡೆದವನಾಗಿಯೂ ಪಡೆದವನು ದಾನಿಯಾಗಿಯೂ ತೋರುವಂತೆ ಲೋಕದ ಕಣ್ಣನ್ನು ತಿರುಗಿಸಿದ ಮಹಾವಂಚನೆ, ‘ಮಣಿಗೆ ಮರುಳಾದರು’ ಎಂಬ ನಮ್ಮ ಕರುಣೆಯ ವಾಕ್ಯದಲ್ಲಿಯೂ ಅಡಗಿದೆ. ಮರುಳರಾಗಿ ಮಾರಿದವರಿಗೆ ಕನಿಕರ ಸಲ್ಲುತ್ತದೆ, ಬಾಕಿ ಸಲ್ಲುವುದಿಲ್ಲ. 2024ರ ಜುಲೈಯಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು, ರಾಬಿನ್ಸನ್ ಒಪ್ಪಂದಗಳ ವಿಷಯದಲ್ಲಿ ಸರಕಾರವು ತನ್ನ ಮರ್ಯಾದೆಗೆ ತಕ್ಕಂತೆ ನಡೆದಿಲ್ಲವೆಂದೂ ಆ ‘ಕೃಪೆ’ಯು ಮನಸ್ಸಿಗೆ ಬಂದಂತೆ ತಡೆಹಿಡಿಯುವ ಅಧಿಕಾರವಲ್ಲವೆಂದೂ ತೀರ್ಪಿತ್ತಿತು. ಅದಕ್ಕೆ ಒಂದು ವರ್ಷ ಮೊದಲು ಹ್ಯೂರಾನ್ ಕಡೆಯವರೊಡನೆ 1,000 ಕೋಟಿ ಡಾಲರುಗಳ ರಾಜಿಗೆ ಸರಕಾರಗಳು ಒಪ್ಪಿದ್ದವು. ತಾತ ಮುತ್ತಾತಂದಿರು ಕಾದು ಸತ್ತ ಮೇಲೆ ಬಂದ ತೀರ್ಪು ಇದು.

ಆದುದರಿಂದ ನಮ್ಮ ಪಠ್ಯಪುಸ್ತಕಗಳನ್ನು ಬರೆಯುವವರು ಆ ಮಣಿಯ ಕಥೆಯನ್ನು ಇಂದೇ ಹೊಡೆದುಹಾಕಲಿ. ಅದರ ಸ್ಥಳದಲ್ಲಿ ಮಿನವವಾನನ ಮಾತಿನ ತಾತ್ಪರ್ಯವನ್ನೂ ನಯಾಗರಾದ ಪಟ್ಟಿಯ ಚಿತ್ರವನ್ನೂ ಮಕ್ಕಳಿಗೆ ತೋರಿಸಲಿ. ಪತ್ರಿಕೆಗಳಲ್ಲಿ ಆ ದೇಶಗಳ ಸುದ್ದಿಯನ್ನು ಕನ್ನಡಿಸುವವರು ಒಪ್ಪಂದದ ಹಣವನ್ನು ‘ಸಹಾಯಧನ’ವೆಂದೂ ‘ಪರಿಹಾರ’ವೆಂದೂ ಬರೆಯುವುದನ್ನು ನಿಲ್ಲಿಸಲಿ, ಸಲ್ಲಬೇಕಾದುದನ್ನು ‘ಬಾಕಿ’ಯೆಂದೇ ಬರೆಯಲಿ. ಟೊರಾಂಟೊದಲ್ಲಿಯೂ ಷಿಕಾಗೊದಲ್ಲಿಯೂ ಮನೆಕಟ್ಟಿ ರಾಜ್ಯೋತ್ಸವವನ್ನು ಆಚರಿಸುವ ನಮ್ಮವರು, ತಾವು ನಿಂತಿರುವ ನೆಲ ಯಾವ ಒಪ್ಪಂದದಿಂದ ಬಂದಿತು, ಅದರ ಪ್ರತಿಫಲ ಸಂದಿತೇ ಎಂಬುದನ್ನು ತಮ್ಮ ಪ್ರತಿನಿಧಿಗಳನ್ನು ಕೇಳಲಿ. ಅದೇ ನೆಲದ ಫಲವನ್ನು ಅವರೂ ಉಣ್ಣುತ್ತಿರುವುದರಿಂದ ಆ ಬಾಕಿಯಲ್ಲಿ ಅವರದೂ ಪಾಲುಂಟು. ಇನ್ನು ಆ ಸರಕಾರಗಳು ನ್ಯಾಯಾಲಯವು ಕೊರಳು ಹಿಡಿಯುವವರೆಗೆ ಕಾಯುವುದನ್ನು ಬಿಡಲಿ. ಮುಂದಿನ ಸಲ ಹಣದ ಕಡತವನ್ನು ಹಿಡಿದು ಒಜಿಬ್ವಾ ಮನೆಗಳಿಗೆ ಬರುವ ಅಧಿಕಾರಿಗಳು ಹೊಗೆಸೊಪ್ಪನ್ನು ಮೊದಲು ಮುಂದಿಟ್ಟು, ಹೇಳುವುದನ್ನು ನಿಲ್ಲಿಸಿ ನೆಲದ ಮೇಲೆ ಕುಳಿತು, ಇನ್ನೂ ಕೊಡಬೇಕಾದುದು ಎಷ್ಟೆಂದು ಕೇಳಲಿ.